ಬಿಸಿಲಿಗೆ ಎದೆಗೊಟ್ಟ ಹೃದಯ

ಬ್ನೇದ್ ಅಲ್ ಗಾರ್! ‘ಗಾರ್’ ಎಂದರೆ ಅಲ್ಲಿನ ಅರಬ್ಬಿಯಲ್ಲಿ ಡಾಂಬರು. ಕುವೈತ್ ನಗರದ ಕಡಲಂಚಿನ ಈ ಬಡಾವಣೆಗೆ ಇದಕ್ಕಿಂತ ಒಪ್ಪುವ ಹೆಸರು ಇದ್ದೀತೇ? ಜುಲೈ ನಡುಹಗಲಲ್ಲಿ ಇಲ್ಲಿನ ರಸ್ತೆ ಕಾದ ಕಾವಲಿ, ಬೀಸುವ ಗಾಳಿ ಒಲೆಯ ಉಸಿರು. ಇದೇ ದೇಶದ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಯಿತು. ವಿಶ್ವ ಹವಾಮಾನ ಸಂಸ್ಥೆಯೇ ಪರಿಶೀಲಿಸಿ ಒಪ್ಪಿದ ಅಂಕಿ ಅದು. ಆಟಿ ತಿಂಗಳ ಜಡಿಮಳೆಯಲ್ಲಿ ಬೈರಾಸು ಹೊದ್ದು ಕುಳಿತಿದ್ದ ಮಂಗಳೂರಿನ, ಉಡುಪಿಯ ಹಿರಿಯರು ಮಗನ ಮನೆಗೆಂದು ವಿಮಾನ ಹತ್ತಿ ನಾಲ್ಕೈದು ಗಂಟೆಯಲ್ಲಿ ಈ ಕಾವಿಗೆ ಬಂದಿಳಿಯುತ್ತಾರಲ್ಲ, ಅವರ ಎದೆಯೊಳಗೆ ಆಗ ಏನು ನಡೆಯುತ್ತದೆ?

ತಿಳಿದರೆ ಮೈ ಜುಮ್ಮೆನ್ನುತ್ತದೆ. ಸುಮ್ಮನೆ ಕುಳಿತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದರಲ್ಲಿ ಚರ್ಮದ ಪಾಲು ಅರ್ಧ ಲೀಟರೂ ಇಲ್ಲ. ಮೈ ವಿಪರೀತ ಕಾದಾಗಲೋ, ಚರ್ಮವೊಂದಕ್ಕೇ ನಿಮಿಷಕ್ಕೆ 6ರಿಂದ 8 ಲೀಟರ್ ಹರಿಯಬಲ್ಲದು! ಒಳಗಿನ ಕಾವನ್ನು ಹೊರಗೆ ಸಾಗಿಸಲು ಚರ್ಮದಡಿಯ ಸಾವಿರಾರು ಕಿರುನಾಳಗಳು ಬಾಯ್ತೆರೆಯುತ್ತವೆ, ಬೆವರು ಕಿತ್ತು ಬರುತ್ತದೆ, ರಕ್ತ ಗಟ್ಟಿಯಾಗುತ್ತದೆ, ಮುಷ್ಟಿಯಷ್ಟು ಗಾತ್ರದ ಆ ಮಾಂಸಖಂಡ ಓಡದೆಯೂ ಓಡುತ್ತದೆ. ಮನುಷ್ಯ ಸೋಫಾದ ಮೇಲೆ ಕುಳಿತೇ ಇರುತ್ತಾನೆ, ಹೃದಯ ಮಾತ್ರ ಘಟ್ಟ ಹತ್ತುತ್ತಿರುತ್ತದೆ!

ವಯಸ್ಸಾದ ಮೈಯಲ್ಲಿ ಈ ಏರ್ಪಾಟು ಸೊರಗುತ್ತದೆ. ಬೆವರು ಕಡಿಮೆ, ಚರ್ಮದ ನಾಳಗಳಿಗೆ ಮೊದಲಿನಷ್ಟು ಹಿಗ್ಗಲಾಗದು. ಎಲ್ಲಕ್ಕಿಂತ ಭಯ ಹುಟ್ಟಿಸುವುದು, ಬಾಯಾರಿಕೆಯೇ ಮಂಕಾಗುತ್ತದೆ. ನೀರು ಬೇಕಾದಾಗಲೂ ಮೈ ಕೇಳುವುದಿಲ್ಲ. ಬಹುಕಾಲದ ಸಕ್ಕರೆ ಕಾಯಿಲೆ ಬೆವರಿನ ನರಗಳನ್ನೂ ಕೆಡಿಸಬಲ್ಲದು.

ಈಗ ನನ್ನನ್ನು ಬೆರಗಾಗಿಸಿದ ಸಂಗತಿಗೆ ಬರುತ್ತೇನೆ. ಕುವೈತಿನ ವೈದ್ಯ ಬರ್ರಾಕ್ ಅಲಹ್ಮದ್ ಮತ್ತು ಸಂಗಡಿಗರು 2010ರಿಂದ 2016ರವರೆಗಿನ, ಹೃದಯ-ರಕ್ತನಾಳದ ಕಾರಣಕ್ಕೆ ಸಂಭವಿಸಿದ 15,000ಕ್ಕೂ ಹೆಚ್ಚು ಸಾವುಗಳ ದಾಖಲೆಗಳನ್ನು ದಿನದಿನದ ತಾಪಮಾನದ ಎದುರಿಗಿಟ್ಟು ನೋಡಿದರು. 2020ರಲ್ಲಿ ‘ಸರ್ಕ್ಯುಲೇಶನ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅತಿ ಕಡಿಮೆ ಸಾವು ಕಂಡದ್ದು ಯಾವ ತಾಪದಲ್ಲಿ ಗೊತ್ತೇ? 34.7 ಡಿಗ್ರಿ! ಅದೂ ಹಗಲಿರುಳು ಸೇರಿಸಿದ ಸರಾಸರಿ! ನಮ್ಮ ಕರಾವಳಿಯಲ್ಲಿ ‘ಎಂಥ ಸೆಕೆ ಮಾರಾಯ್ರೆ’ ಎಂದು ಒದ್ದಾಡುವ ತಾಪ ಅಲ್ಲಿ ನೆಮ್ಮದಿಯ ತಾಪ. ಮೈ ಒಂದೆರಡು ವಾರದಲ್ಲಿ ಸೆಕೆಗೆ ಬಹುಮಟ್ಟಿಗೆ ಒಗ್ಗಿಕೊಳ್ಳುತ್ತದೆ, ಬೇಗ ಬೆವರಲು ಕಲಿಯುತ್ತದೆ. ನಿನ್ನೆಯಷ್ಟೇ ಬಂದಿಳಿದವರಿಗೆ ಆ ಕಲಿಕೆ ಎಲ್ಲಿಂದ ಬರಬೇಕು?

ಅದೇ ಸರಾಸರಿ 42.7 ಡಿಗ್ರಿ ಮುಟ್ಟಿದ ದಿನಗಳಲ್ಲಿ ಸಾವಿನ ಅಪಾಯ ಸುಮಾರು ಮೂರು ಪಟ್ಟು. ಇನ್ನೂ ಒಂದು ಅಚ್ಚರಿ ಉಳಿದಿದೆ. 65 ದಾಟಿದವರಲ್ಲಿ ಈ ಏರಿಕೆ ಎರಡು ಪಟ್ಟಿಗೆ ತುಸು ಮೇಲೆ. 15ರಿಂದ 64ರ ದುಡಿಯುವ ವಯಸ್ಸಿನವರಲ್ಲಿ 3.8 ಪಟ್ಟು! ಹೌದು, ಗಟ್ಟಿಮುಟ್ಟಾದವರಲ್ಲೇ ಹೆಚ್ಚು. ಹಿರಿಯರು ಏಸಿಯ ತಂಪಿನಲ್ಲಿ ಒಳಗಿರುತ್ತಾರೆ, ದುಡಿಯುವವರು ಬಿಸಿಲಿನಲ್ಲಿರುತ್ತಾರೆ ಎಂಬುದೇ ಇದಕ್ಕೆ ಕಾರಣವಿರಬೇಕು ಎಂದು ನನಗನ್ನಿಸುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನ ಕೆಲಸಕ್ಕೆ ಅಲ್ಲಿ ನಿಷೇಧವಿದೆ, ನಿಜ. ಆದರೆ ಸರಾಸರಿ 42.7 ಇರುವ ದಿನ ಇರುಳೂ ಆರಿರುವುದಿಲ್ಲ. ನಮ್ಮೂರುಗಳಿಂದ ಇಪ್ಪತ್ತೈದರಲ್ಲಿ ಹೋಗಿ ಅರುವತ್ತರಲ್ಲಿ ಮರಳಿದವರ ಹೃದಯ ಎಷ್ಟು ಬೇಸಗೆಗಳನ್ನು ದಾಟಿ ಬಂದಿದೆ! ಊರಿನ ಡಾಕ್ಟರು ಬೀಡಿ ಸೇದುತ್ತೀರಾ ಎಂದು ಕೇಳುವ ಹಾಗೆಯೇ ಎಷ್ಟು ವರ್ಷ ಗಲ್ಫಿನ ಬಿಸಿಲಿನಲ್ಲಿ ದುಡಿದಿರಿ ಎಂದೂ ಕೇಳಬೇಕು.

ಬೇಸಗೆಯಲ್ಲಿ ಅಪ್ಪ ಅಮ್ಮನನ್ನು ಅಲ್ಲಿಗೆ ಕರೆಸಿಕೊಳ್ಳುವವರಲ್ಲಿ ಒಂದು ವಿನಂತಿ. ಬಿ.ಪಿ.ಗೆಂದು ಅವರು ನುಂಗುವ ಮಾತ್ರೆಗಳಲ್ಲಿ ಮೂತ್ರ ಹೋಗಿಸುವ ಮಾತ್ರೆಯೂ ಇರಬಹುದು, ಹೃದಯದ ಬಡಿತಕ್ಕೆ ಕಡಿವಾಣ ಹಾಕುವ ಮಾತ್ರೆಯೂ ಇರಬಹುದು. ಕಡುಸೆಕೆಯಲ್ಲಿ ಎರಡೂ ಬೇರೆಯೇ ರೀತಿ ವರ್ತಿಸಬಲ್ಲವು. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಟಿಕೆಟ್ ತೆಗೆಯುವ ಮೊದಲು ಮಾತ್ರೆಗಳ ಚೀಟಿ ಹಿಡಿದು ಅವರ ಡಾಕ್ಟರನ್ನು ಒಮ್ಮೆ ಕಂಡು ಬನ್ನಿ.