ಮೊಣಕಾಲು ಬೇರಿಂಗ್ ಅಲ್ಲ

ಹುನಗುಂದ, ಇಳಕಲ್ ಕಡೆಯ ಯಾವ ದವಾಖಾನೆಯ ಪಡಸಾಲೆಯಲ್ಲಿ ಕೂತರೂ ಮೊಣಕಾಲಿನ ಮಾತು ಕಿವಿಗೆ ಬೀಳುತ್ತದೆ. ಒಬ್ಬರು "ಗ್ರೀಸ್ ಆರೇತಂತ್ರಿ" ಅನ್ನುತ್ತಾರೆ, ಇನ್ನೊಬ್ಬರು "ಗ್ಯಾಪ್ ಕಮ್ಮಿ ಆಗೇತಂತ" ಅನ್ನುತ್ತಾರೆ. ಮೂರನೆಯವರು ಎಕ್ಸ್-ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು "ಎಲುಬಿಗೆ ಎಲುಬು ತಿಕ್ಕಾಕತ್ತಾವ" ಎಂದು ತೋರಿಸುತ್ತಾರೆ. ಮೂವರೂ ಮುಟ್ಟುವ ತೀರ್ಮಾನ ಒಂದೇ: ಸವೆದದ್ದು ಸವೆದೇ ಹೋಯಿತು, ಉಳಿದದ್ದನ್ನಾದರೂ ಉಳಿಸಿಕೊಳ್ಳಬೇಕಾದರೆ ಇನ್ನು ಹೆಚ್ಚು ಓಡಾಡಬಾರದು. ಈ ಅಧ್ಯಾಯ ಬರೆದಿರುವುದು ಆ ತೀರ್ಮಾನದ ವಿರುದ್ಧ.

ವ್ಯಾಖ್ಯಾನಗಳನ್ನು ಬೇಗ ಮುಗಿಸೋಣ. ಆಸ್ಟಿಯೋಆರ್ಥ್ರೈಟಿಸ್ ಎಂದರೆ ಇಡೀ ಕೀಲಿನ ಕಾಯಿಲೆ. ಎಲುಬಿನ ತುದಿಯ ಮೃದ್ವಸ್ಥಿ ತೆಳುವಾಗುತ್ತದೆ, ಅದರ ಅಡಿಯ ಎಲುಬು ಗಟ್ಟಿಯಾಗಿ ಅಂಚಿನಲ್ಲಿ ಮುಳ್ಳು ಬೆಳೆಸುತ್ತದೆ, ಕೀಲಿನ ಒಳಪೊರೆ ಆಗಾಗ ಬಾತುಕೊಳ್ಳುತ್ತದೆ, ಸುತ್ತಲಿನ ಸ್ನಾಯು ಸೊರಗುತ್ತದೆ. ಬೆಳಿಗ್ಗೆ ಎದ್ದಾಗಿನ ಬಿಗಿತ ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಸಡಿಲುತ್ತದೆ. ಬಿಗಿತ ತಾಸುಗಟ್ಟಲೆ ಉಳಿದು, ಎರಡೂ ಕೈಗಳ ಸಣ್ಣ ಕೀಲುಗಳು ಬಾತಿದ್ದರೆ ಅದು ರುಮಟಾಯ್ಡ್ ಇರಬಹುದು. ಅದು ಬೇರೆಯೇ ರೋಗ, ಔಷಧವೂ ಬೇರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಜಗತ್ತಿನಲ್ಲಿ 2020ರ ಹೊತ್ತಿಗೆ ಸುಮಾರು 59.5 ಕೋಟಿ ಜನರಿಗೆ ಆಸ್ಟಿಯೋಆರ್ಥ್ರೈಟಿಸ್ ಇತ್ತು. 2050ರ ವೇಳೆಗೆ ಅದು 100 ಕೋಟಿಯ ಹತ್ತಿರ ಹೋಗಬಹುದೆಂಬ ಅಂದಾಜಿದೆ. ಹೆಂಗಸರ ಪಾಲು ಹೆಚ್ಚು.

ಇನ್ನು ಮೃದ್ವಸ್ಥಿ. ಈ ವಿಷಯಕ್ಕೆ ಬಂದರೆ ನನಗೆ ಮಾತು ಜಾಸ್ತಿ, ಓದುಗರು ಸಹಿಸಿಕೊಳ್ಳಬೇಕು. ಅದರ ದಪ್ಪ ಕೆಲವೇ ಮಿಲಿಮೀಟರ್. ಅದರಲ್ಲಿ ರಕ್ತನಾಳವಿಲ್ಲ, ನರವೂ ಇಲ್ಲ. ತೂಕದ ಮೂರರಲ್ಲಿ ಎರಡು ಪಾಲಿಗೂ ಮಿಕ್ಕಿ ನೀರು. ಉಳಿದದ್ದು ಮುಖ್ಯವಾಗಿ ಎರಡು ವಸ್ತು: ಕೊಲಾಜನ್ ಎಳೆಗಳ ಬಲೆ, ಮತ್ತು ಆ ಬಲೆಯಲ್ಲಿ ಸಿಕ್ಕಿಕೊಂಡಿರುವ ಅಗ್ರಿಕ್ಯಾನ್ ಎಂಬ ದೊಡ್ಡ ಅಣು. ಅಗ್ರಿಕ್ಯಾನಿನ ಮೈತುಂಬ ಋಣ ವಿದ್ಯುದಂಶ ಇರುವುದರಿಂದ ಅದು ನೀರನ್ನು ಎಳೆದುಕೊಂಡು ಉಬ್ಬಲು ನೋಡುತ್ತದೆ, ಬಲೆ ಬಿಡುವುದಿಲ್ಲ. ಕಾಮಕಸ್ತೂರಿ ಬೀಜವನ್ನು ಬಟ್ಟೆಯಲ್ಲಿ ಬಿಗಿಯಾಗಿ ಗಂಟುಕಟ್ಟಿ ನೀರಿನಲ್ಲಿಟ್ಟು ನೋಡಿ. ಬೀಜ ಉಬ್ಬುತ್ತದೆ, ಬಟ್ಟೆ ತಡೆಯುತ್ತದೆ, ಗಂಟು ಕಲ್ಲಿನಂತೆ ಬಿಗಿಯುತ್ತದೆ. ಮೊಣಕಾಲು ನಮ್ಮ ಭಾರ ಹೊರುವುದು ಈ ಬಿಗಿತದಿಂದಲೇ.

ಹೆಜ್ಜೆ ಊರಿದಾಗ ಆ ನೀರು ನಿಧಾನವಾಗಿ ಹೊರಕ್ಕೆ ಒಸರುತ್ತದೆ, ಹೆಜ್ಜೆ ಎತ್ತಿದಾಗ ಮರಳಿ ಒಳಕ್ಕೆ ಸರಿಯುತ್ತದೆ. ರಕ್ತನಾಳವಿಲ್ಲದ ಜಾಗಕ್ಕೆ ಗ್ಲೂಕೋಸು, ಆಮ್ಲಜನಕ ಹೋಗುವುದು ಕೀಲುದ್ರವದ ದಾರಿಯಲ್ಲಿ, ಆ ದಾರಿ ತೆರೆದಿಡುವುದು ಈ ಒತ್ತು-ಬಿಡು. ಹಾಗಾಗಿ ಕಾಲು ಆಡದಿದ್ದರೆ ಮೃದ್ವಸ್ಥಿ ಉಪವಾಸ ಬೀಳುತ್ತದೆ. ಇದು ಬರಿಯ ತರ್ಕವಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಕಳೆದುಕೊಂಡವರ ಮೊಣಕಾಲನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು ಎಂಆರ್‌ಐನಲ್ಲಿ ಅಳೆದು 2002ರಲ್ಲಿ ಪ್ರಕಟಿಸಿದರು: ಎರಡು ವರ್ಷದೊಳಗೆ ಮೃದ್ವಸ್ಥಿ ಎದ್ದು ಕಾಣುವಷ್ಟು ತೆಳುವಾಗಿತ್ತು. ತಿಕ್ಕಾಟವೇ ಇಲ್ಲದ ಕಾಲುಗಳವು. ಬೇರಿಂಗ್ ಆಗಿದ್ದರೆ ಹೊಸದರಂತೆ ಉಳಿಯಬೇಕಿತ್ತಲ್ಲ?

ಇನ್ನೂ ಗಟ್ಟಿ ಸಾಕ್ಷಿ ಬಂದದ್ದು 2017ರಲ್ಲಿ, ಹಾರ್ವರ್ಡ್‌ನ ಇಯಾನ್ ವಾಲೇಸ್, ಡೇನಿಯಲ್ ಲೀಬರ್‌ಮನ್ ತಂಡದಿಂದ. ಅವರು ಅಮೆರಿಕದ ಸುಮಾರು ಎರಡೂವರೆ ಸಾವಿರ ಅಸ್ಥಿಪಂಜರಗಳ ಮೊಣಕಾಲು ನೋಡಿದರು. ಬೇಟೆಯಾಡಿ, ಬೇಸಾಯ ಮಾಡಿ ಬದುಕಿದ ಪ್ರಾಚೀನರದ್ದು, 19ನೇ ಶತಮಾನದ ಕೂಲಿಕಾರರದ್ದು, ಇತ್ತೀಚೆಗೆ ತೀರಿಕೊಂಡವರದ್ದು. ರೋಗದ ಗುರುತು ಪ್ರಾಚೀನರಲ್ಲಿ ಶೇ. 8, ಕೂಲಿಕಾರರ ಕಾಲದಲ್ಲಿ ಶೇ. 6, ನಮ್ಮ ಕಾಲದಲ್ಲಿ ಶೇ. 16. ವಯಸ್ಸು, ತೂಕದ ವ್ಯತ್ಯಾಸ ಲೆಕ್ಕಕ್ಕೆ ಹಿಡಿದ ಮೇಲೂ ನಮ್ಮ ಕಾಲದ ಪ್ರಮಾಣ ಕೂಲಿಕಾರರ ಕಾಲದ ಸುಮಾರು ಎರಡು ಪಟ್ಟಾಗಿಯೇ ಉಳಿಯಿತು. ಮೈಲಿಗಟ್ಟಲೆ ನಡೆದು ಹೊರೆ ಹೊತ್ತವರ ಮೊಣಕಾಲು ಕಡಿಮೆ ಸವೆದು, ಕುರ್ಚಿಯಲ್ಲಿ ಕೂತವರದ್ದು ಹೆಚ್ಚು ಸವೆಯಿತೆಂದರೆ ವಯಸ್ಸು ಮತ್ತು ದುಡಿತವನ್ನಷ್ಟೇ ದೂರಿ ಪ್ರಯೋಜನವಿಲ್ಲ.

ಆದರೂ ಬೇರಿಂಗ್ ವಾದಿಗಳ ಕೈಯಲ್ಲಿ ಅರ್ಧ ಸತ್ಯವಿದೆ. ಅದನ್ನು ಪತ್ತೆಮಾಡಿದ ದಾರಿ ಸ್ವಾರಸ್ಯದ್ದು. 1950-60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ ಏರಿತು, ಆಮೇಲೆ ಇಳಿಯಿತು. ದೇಹದ ಯಾವ ಅಂಗಾಂಶ ಯಾವ ಕಾಲದಲ್ಲಿ ಕಟ್ಟಿದ್ದೆಂದು ಆ ಇಂಗಾಲವನ್ನು ನೋಡಿ ಹೇಳಬಹುದು. ಡೆನ್ಮಾರ್ಕಿನ ಸಂಶೋಧಕರು 2016ರಲ್ಲಿ ಮೃದ್ವಸ್ಥಿಯನ್ನು ಹೀಗೆ ನೋಡಿದಾಗ, ವಯಸ್ಕರ ಕೊಲಾಜನ್ ಬಲೆ ಹರೆಯದಲ್ಲಿ ಕಟ್ಟಿದ್ದೇ ಆಗಿತ್ತು, ಆಮೇಲೆ ಹೊಸತಾಗಿರಲಿಲ್ಲ. ನೀರು ಹಿಡಿಯುವ ಭಾಗ ಮಾತ್ರ ನವೀಕರಣವಾಗುತ್ತಿತ್ತು. ಬಲೆ ಒಮ್ಮೆ ಹರಿದರೆ ಹರಿದಂತೆಯೇ. ಜಾತ್ರೆಯ ಕಬಡ್ಡಿಯಲ್ಲಿ ಮೊಣಕಾಲು ತಿರುಚಿಕೊಂಡು ಎಲುಬುಗಳನ್ನು ಬಿಗಿದಿಡುವ ಲಿಗಮೆಂಟ್ ಹರಿದುಕೊಂಡ ಹುಡುಗರು ಇದನ್ನು ಓದಬೇಕು: ಇಂಥ ಪೆಟ್ಟು ಬಿದ್ದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 10ರಿಂದ 20 ವರ್ಷಗಳಲ್ಲಿ ಕೀಲಿನ ರೋಗ ಕಾಣಿಸಿಕೊಳ್ಳುತ್ತದೆ. ಎಣ್ಣೆ ತಿಕ್ಕಿ ಪಟ್ಟಿ ಕಟ್ಟಿ ಮರುದಿನವೇ ಅಂಕಣಕ್ಕಿಳಿಯುವುದು ಶೌರ್ಯವಲ್ಲ.

ಮೃದ್ವಸ್ಥಿಯಲ್ಲಿ ನರವಿಲ್ಲ ಎಂದೆ. ಹಾಗಾದರೆ ನೋಯುವುದು ಯಾವುದು? ಅಡಿಯ ಎಲುಬು, ಒಳಪೊರೆ, ಕೀಲಿನ ಚೀಲ, ಸ್ನಾಯು. ಎಷ್ಟೋ ಕಾಲ ನೋವುಂಡ ನರವ್ಯೂಹ ಸಣ್ಣ ಒತ್ತಡವನ್ನೂ ನೋವೆಂದೇ ಓದಿಕೊಳ್ಳುತ್ತದೆ. ಆದ್ದರಿಂದಲೇ ಚಿತ್ರಕ್ಕೂ ನೋವಿಗೂ ತಾಳೆಯಾಗುವುದಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 50 ದಾಟಿದ ಸುಮಾರು ಸಾವಿರ ಜನರ ಎಂಆರ್‌ಐ ತೆಗೆದು 2008ರಲ್ಲಿ ನೋಡಿದಾಗ, ಮೊಣಕಾಲಿನೊಳಗಿನ ಮೆತ್ತೆಯಾದ ಮೆನಿಸ್ಕಸ್ ಹರಿದವರಲ್ಲಿ ಶೇ. 61 ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ಯಾವ ನೋವೂ ಇರಲಿಲ್ಲ. ನಿಮ್ಮ ರಿಪೋರ್ಟಿನಲ್ಲಿ "ಗ್ರೇಡ್ ತ್ರೀ" ಎಂದಿದ್ದರೆ ಅದು ನೆರಳಿನ ವರ್ಣನೆ, ನಿಮ್ಮ ಹಣೆಬರಹವಲ್ಲ.

ಆ ಗ್ರೇಡಿನ ಕತೆಯನ್ನು ಇಳಕಲ್ಲಿನವರು ಕೇಳಲೇಬೇಕು. ಸೊನ್ನೆಯಿಂದ ನಾಲ್ಕರವರೆಗಿನ ಈ ಅಳತೆಯನ್ನು 1957ರಲ್ಲಿ ಕೊಟ್ಟವರು ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್. ಅವರು ಓಡಾಡಿದ್ದು ಲ್ಯಾಂಕಾಷೈರಿನ ಲೀ ಎಂಬ ಪಟ್ಟಣದಲ್ಲಿ, ಒಂದು ಕಡೆ ಕಲ್ಲಿದ್ದಲ ಗಣಿ, ಇನ್ನೊಂದು ಕಡೆ ಹತ್ತಿಯ ಗಿರಣಿ. ಗಣಿ ಕೆಲಸಗಾರರ ಮೊಣಕಾಲನ್ನು 1952ರಷ್ಟು ಹಿಂದೆಯೇ ಎಕ್ಸ್-ರೇ ಹಿಡಿದು ನೋಡಿದ್ದರು. ಮಗ್ಗವೂ ಗ್ರಾನೈಟ್ ಕ್ವಾರಿಯೂ ಒಂದೇ ಊರಿನಲ್ಲಿರುವ ಇಳಕಲ್ ನೆನಪಾಗದೆ ಇರುವುದಿಲ್ಲ.

ನಮ್ಮ ದುಡಿಮೆಯನ್ನೇ ಹತ್ತಿರದಿಂದ ನೋಡಿ. ಕುಣಿಮಗ್ಗದ ನೇಕಾರ ಕುಣಿಯ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟಿರುತ್ತಾನೆ. ಮೈಭಾರ ಕುಂಡಿಯ ಮೇಲೆ. ತುಳಿಮಣೆ ಒತ್ತುವಾಗ ಮೊಣಕಾಲು ಆಡುವುದು ಸ್ವಲ್ಪ, ಹೊರುವುದು ಇನ್ನೂ ಕಡಿಮೆ. ನನ್ನ ಎಣಿಕೆಯಲ್ಲಿ ಮಗ್ಗ ಮೊಣಕಾಲಿಗೆ ಅಷ್ಟು ಕ್ರೂರಿಯಲ್ಲ, ಬೆನ್ನು-ಹೆಗಲಿನ ಮಾತು ಬೇರೆ. "ಯಪ್ಪಾ ಶಿವನ" ಎಂಬ ಉದ್ಗಾರ ಹೊರಡುವುದು ಏಳುವಾಗ: ಎರಡೂ ಅಂಗೈ ಅಂಚಿಗೆ ಊರಿ, ಒಂದು ಕಾಲು ಮೇಲೆಳೆದು, ಪೂರ್ತಿ ಮಡಿಚಿದ ಆ ಮೊಣಕಾಲಿನ ಮೇಲೆ ಇಡೀ ಮೈ ಎತ್ತುವಾಗ. ಮೊಣಕಾಲ ಚಿಪ್ಪಿನ ಹಿಂದಿನ ಒತ್ತಡ ಆಗ ವಿಪರೀತ. ಕುಣಿಗೆ ಒಂದು ಮೆಟ್ಟಿಲು, ಹಿಡಿಯಲು ಒಂದು ಗೂಟ ಇದ್ದರೆ ಅರ್ಧ ಕಷ್ಟ ತಪ್ಪುತ್ತದೆ. ಇಳಕಲ್ ಸೀರೆಯ ಟೋಪು ತೆನಿ ಎಂಬ ನೇಯ್ಗೆಗೆ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಸೇರಿಸುವ ಬೆರಳುಗಳದ್ದು ಇನ್ನೊಂದು ಪುರಾಣ. ಅಮೆರಿಕದ ವರ್ಜೀನಿಯಾದ ಬಟ್ಟೆ ಗಿರಣಿಯೊಂದರಲ್ಲಿ ವರ್ಷಾನುಗಟ್ಟಲೆ ಒಂದೇ ಕೆಲಸ ಮಾಡಿದ ಹೆಂಗಸರ ಕೈಗಳನ್ನು 1978ರಲ್ಲಿ ಪರೀಕ್ಷಿಸಿದಾಗ, ಯಾವ ಕೀಲು ಕೆಟ್ಟಿದೆ ಎಂಬುದು ಯಾವ ಕೆಲಸ ಎಂಬುದನ್ನು ಅವಲಂಬಿಸಿತ್ತು.

ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕೂತು ದಿನವಿಡೀ ಕಳೆ ತೆಗೆಯುವ ಹೆಂಗಸರ ಮೊಣಕಾಲು ಮಗ್ಗದವರದ್ದಕ್ಕಿಂತ ಹೆಚ್ಚು ಅಪಾಯದಲ್ಲಿದೆ ಎಂದು ನನ್ನ ಅಂದಾಜು. ಬೀಜಿಂಗಿನ ಮುದುಕರ ಮೇಲೆ ನಡೆದ 2004ರ ಅಧ್ಯಯನದಲ್ಲಿ, ಹರೆಯದಲ್ಲಿ ದಿನಕ್ಕೆ ತಾಸುಗಟ್ಟಲೆ ಕುಕ್ಕರಗಾಲಿನಲ್ಲಿ ಕೂತವರಿಗೆ ಮೊಣಕಾಲಿನ ರೋಗ ಹೆಚ್ಚಿತ್ತು. ಚಲನೆ ಬೇಕು, ಆದರೆ ತಾಸುಗಟ್ಟಲೆ ಒತ್ತಿಯೇ ಇಟ್ಟು ಬಿಡದಿದ್ದರೆ ನೀರು ಮರಳುವುದು ಯಾವಾಗ? ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕುವುದು ಸೋಮಾರಿತನವಲ್ಲ ಎಂದು ಹೊಲದ ಯಜಮಾನರಿಗೂ ತಿಳಿಯಬೇಕು.

ಚಿಕಿತ್ಸೆಯಲ್ಲಿ ಕಳೆದ ಎರಡು ದಶಕ ಕಲಿಸಿದ್ದು ಬಹುಮಟ್ಟಿಗೆ ಯಾವುದು ನಡೆಯುವುದಿಲ್ಲ ಎಂಬುದನ್ನು. ದುರ್ಬೀನು ತೂರಿಸಿ ಕೀಲು ತೊಳೆಯುವ ಶಸ್ತ್ರಚಿಕಿತ್ಸೆಯನ್ನು ಹ್ಯೂಸ್ಟನ್ನಿನಲ್ಲಿ 180 ಜನರ ಮೇಲೆ ಪರೀಕ್ಷಿಸಿದರು. ಕೆಲವರಿಗೆ ಬರೀ ಚರ್ಮ ಸೀಳಿ ಹೊಲಿದಿದ್ದರು, ಅವರೂ ಅಷ್ಟೇ ಗುಣ ಕಂಡರು (2002). ಗ್ಲೂಕೋಸಮೈನ್ ಗುಳಿಗೆ 1,583 ಜನರ ಪ್ರಯೋಗದಲ್ಲಿ ಒಟ್ಟಾರೆ ಸುಳ್ಳುಗುಳಿಗೆಯನ್ನು ಮೀರಿಸಲಿಲ್ಲ (2006). ಮೂರು ತಿಂಗಳಿಗೊಮ್ಮೆ ಎರಡು ವರ್ಷ ಸ್ಟಿರಾಯ್ಡ್ ಚುಚ್ಚಿಸಿಕೊಂಡವರಿಗೆ ಉಪ್ಪುನೀರು ಚುಚ್ಚಿಸಿಕೊಂಡವರಿಗಿಂತ ನೋವೇನೂ ಹೆಚ್ಚು ಇಳಿಯಲಿಲ್ಲ, ಮೃದ್ವಸ್ಥಿ ಮಾತ್ರ ಹೆಚ್ಚು ಕರಗಿತು (2017). ಟನೆಜುಮ್ಯಾಬ್ ಎಂಬ ಔಷಧ ನೋವಿನ ಸಂದೇಶವನ್ನೇ ತಡೆಯುತ್ತಿತ್ತು. ಕೆಲವರಲ್ಲಿ ಕೀಲು ಬೇಗಬೇಗ ಹಾಳಾದದ್ದು ಕಂಡು 2021ರಲ್ಲಿ ಅದನ್ನು ಕೈಬಿಟ್ಟರು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಕಾಂಡಕೋಶ ಚುಚ್ಚುಮದ್ದಿಗೆ 2022ರಲ್ಲಿ ಭಾರತದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದೆ. ಆದರೆ ಮೂರು ಬಗೆಯ ಕೋಶ ಚಿಕಿತ್ಸೆಗಳನ್ನು ಸ್ಟಿರಾಯ್ಡಿನ ಜೊತೆ ಹೋಲಿಸಿದ ಅಮೆರಿಕದ 2023ರ ಪ್ರಯೋಗದಲ್ಲಿ ಒಂದು ವರ್ಷದ ಹೊತ್ತಿಗೆ ಯಾವುದೂ ಮುಂದಿರಲಿಲ್ಲ. ಹೊಲ ಅಡವಿಟ್ಟು ಈ ಸೂಜಿಗೆ ಓಡಬೇಡಿ ಎಂಬುದು ನನ್ನ ಮಾತು.

ನಡೆಯುವುದು ಯಾವುದು? ತೂಕ ಇಳಿಸುವುದು. ಮೈಯಿಂದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನಿಂದ ಸುಮಾರು ನಾಲ್ಕು ಕಿಲೋ ಹೊರೆ ಇಳಿಯುತ್ತದೆ. 2024ರಲ್ಲಿ ಪ್ರಕಟವಾದ ಸೆಮಾಗ್ಲೂಟೈಡ್ ಎಂಬ ತೂಕ ಇಳಿಸುವ ಔಷಧದ ಪ್ರಯೋಗದಲ್ಲಿ, ಬೊಜ್ಜಿನ ಜೊತೆ ಮೊಣಕಾಲು ನೋವೂ ಇದ್ದ 407 ಜನ ಸೇರಿದ್ದರು. ಔಷಧ ಪಡೆದವರ ತೂಕ 68 ವಾರಗಳಲ್ಲಿ ಸುಮಾರು ಶೇ. 13.7 ಇಳಿದು, ನೋವೂ ಸಾಕಷ್ಟು ಇಳಿಯಿತು. ಬಡಕಲು ದೇಹದ ಕೂಲಿಯವರಿಗೆ ಇದು ಅನ್ವಯಿಸದು, ಅವರಿಗೆ ಇಳಿಸಬೇಕಾದದ್ದು ತಲೆಯ ಮೇಲಿನ ಹೊರೆ.

ನಡೆಯುವ ಎರಡನೆಯದು ವ್ಯಾಯಾಮ. ಸರಾಸರಿ ಲಾಭ ದೊಡ್ಡದಲ್ಲ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ 2024ರ ಕಾಕ್ರನ್ ವಿಮರ್ಶೆ ಪ್ರಾಮಾಣಿಕವಾಗಿ ಹೇಳಿದೆ. ಆದರೂ 2020ರಲ್ಲಿ 156 ಜನರ ಮೇಲೆ ಸ್ಟಿರಾಯ್ಡ್ ಸೂಜಿಯನ್ನೂ ಫಿಜಿಯೋಥೆರಪಿಯನ್ನೂ ಎದುರುಬದುರು ನಿಲ್ಲಿಸಿದಾಗ ವರ್ಷದ ಕೊನೆಗೆ ಗೆದ್ದದ್ದು ಫಿಜಿಯೋಥೆರಪಿ. ಎತ್ತರದ ಗಟ್ಟಿ ಕುರ್ಚಿಯ ಮೇಲೆ ಕೂತು, ಕೈ ಎದೆಗೆ ಕಟ್ಟಿ, ಪಾದ ನೆಲಕ್ಕೆ ಊರಿ, ಎದ್ದು ನಿಲ್ಲಿ, ಅವಸರವಿಲ್ಲದೆ ಕೂತುಕೊಳ್ಳಿ. ಮೊದಲಿಗೆ ಆದಷ್ಟು ಸಲ, ದಿನ ಕಳೆದಂತೆ ಹೆಚ್ಚಿಸುತ್ತ. ಮಾಡುವಾಗ ಸ್ವಲ್ಪ ನೋಯುತ್ತದೆ. ಮರುದಿನ ಬೆಳಿಗ್ಗೆಗೆ ಮೊದಲಿನ ಸ್ಥಿತಿಗೆ ಬಂದರೆ ಆ ನೋವಿಗೆ ಹೆದರಬೇಕಿಲ್ಲ. ತೊಡೆಯ ಸ್ನಾಯು ಬಲಿತಂತೆ ಕೀಲಿನ ಕೆಲಸ ಹಗುರಾಗುತ್ತದೆ. ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ ಕೃತಕ ಕೀಲು ಇದೆ. ನೂರಕ್ಕೆ ಸುಮಾರು 82 ಕೀಲುಗಳು 25 ವರ್ಷ ಬಾಳುತ್ತವೆ. ಕೀಲಿನ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲೇ ಮಿತಿ ಹಾಕಿದೆ.

ಹುನಗುಂದ ಸೀಮೆಯವರಿಗೆ ಒಂದು ಎಚ್ಚರಿಕೆ ಬಾಕಿ ಇದೆ. ಇಲ್ಲಿಯ ಗಟ್ಟಿಬಂಡೆಯ ನೆಲದಲ್ಲಿ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಲ್ಲಿ 1.5 ಮಿತಿ. ವರ್ಷಗಟ್ಟಲೆ ಅಂಥ ನೀರು ಕುಡಿದರೆ ಎಲುಬು ದಟ್ಟವಾಗಿ, ಲಿಗಮೆಂಟುಗಳೇ ಎಲುಬಾಗಿ, ಕತ್ತು-ಬೆನ್ನು ಬಿಗಿಯುತ್ತವೆ. ಇದನ್ನೂ ಮೊಣಕಾಲಿನ ಸವೆತವೆಂದೇ ತಿಳಿದು ನೋವಿನ ಗುಳಿಗೆ ನುಂಗುವುದುಂಟು. ಮನೆಯ ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆಯಿದ್ದು, ದೊಡ್ಡವರಿಗೆ ಕತ್ತು ಬಗ್ಗದಿದ್ದರೆ ವೈದ್ಯರಿಗೆ ಹೇಳಿ. ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆ ಗಟ್ಟಿಯಾಗಿದೆಯೇ ಎಂದು ಒಂದು ಎಕ್ಸ್-ರೇ ತೋರಿಸುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾಗಿ ಇನ್ನಷ್ಟು ಸಾಂದ್ರವಾಗುತ್ತದೆ.

ಲೀ ಪಟ್ಟಣದ ಗಣಿಗೂ ಗಿರಣಿಗೂ ಎಪ್ಪತ್ತು ವರ್ಷಗಳ ಹಿಂದೆ ಸಿಕ್ಕ ಗಮನ ಇಳಕಲ್ಲಿನ ಮಗ್ಗ, ಕ್ವಾರಿ, ಹೊಲಗಳಿಗೆ ಸಿಗಬೇಕು. ಒಂದೇ ನೀರು ಕುಡಿಯುವ, ಮೂರು ಬೇರೆ ಬಗೆಯಲ್ಲಿ ಮೊಣಕಾಲು ದುಡಿಸುವ ಜನ ಇಷ್ಟು ಹತ್ತಿರ ಹತ್ತಿರ ಸಿಗುವ ಜಾಗ ಅಪರೂಪ. ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿದೆ. ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ಅಲ್ಲಿಯ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ: ಒಂದು ಎಕ್ಸ್-ರೇ ಯಂತ್ರ, ಒಂದು ನೀರಿನ ಸೀಸೆ, ಎಷ್ಟು ವರ್ಷ ಯಾವ ಕೆಲಸ ಎಂದು ಕೇಳುವ ಒಂದು ಪ್ರಶ್ನಾವಳಿ ಹಿಡಿದು ಬನ್ನಿ. ಕೆಲಸ ಇಲ್ಲಿ ಬೇಕಾದಷ್ಟಿದೆ.