ಒಂದು ಗೆಲ್ಲು ಮಲ್ಲಿಗೆ

ಸಾಹಿತ್ಯದ ಪಾಠ ಹೇಳಿ ನಿವೃತ್ತನಾದವನಿಗೆ ಗಿಡ ನೆಡುವ ವಿಚಾರದಲ್ಲಿ ಮಾತನಾಡುವ ಅಧಿಕಾರ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಮೂಡುಬಿದಿರೆಯ ನನ್ನ ಮನೆಯಂಗಳದ ದುಂಡುಮಲ್ಲಿಗೆಯಿಂದ ಬಂತು.

ನನ್ನ ಅಜ್ಜಿಯ ಮನೆ ಬಂಟ್ವಾಳದಲ್ಲಿ, ನೇತ್ರಾವತಿಯ ದಂಡೆಗೆ ಸಮೀಪದಲ್ಲಿತ್ತು. 1923ರ ನೆರೆಯಲ್ಲಿ, ಹಿರಿಯರು ತುಳುವಿನಲ್ಲಿ ‘ಮಾರಿ ಬೊಳ್ಳ’ ಎನ್ನುತ್ತಿದ್ದ ಆ ಮಹಾಪೂರದಲ್ಲಿ, ಅಂಗಳವು ಗಿಡಗಳ ಸಮೇತ ಕೊಚ್ಚಿಹೋಯಿತು. ಆದರೆ ಹಿಂದಿನ ಮಳೆಗಾಲದಲ್ಲಿ ಅಜ್ಜಿ ಬೆಳ್ತಂಗಡಿಯ ತಂಗಿಗೆ ಒಂದು ಗೆಲ್ಲು ಕೊಟ್ಟಿದ್ದರು. ಅದರದೇ ಗೆಲ್ಲೊಂದು ಮುಂದೆ ಅವರಲ್ಲಿಗೆ ಮರಳಿ ಬಂತು.

ದಳ ತುಂಬಿದ ದುಂಡುಮಲ್ಲಿಗೆ ಬೀಜ ಕಟ್ಟುವುದು ತೀರ ಅಪರೂಪ. ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಗೆಲ್ಲಿನಿಂದಾದ ಗಿಡ ತಾಯಿಯ ಮಗುವಲ್ಲ, ತಾಯಿಯೇ. ದಾಸವಾಳ, ಕೇಪಳಗಳಿಗೂ ಗೆಲ್ಲು ಸಾಕು. ಸುಗಂಧರಾಜಕ್ಕೆ ಗೆಡ್ಡೆ, ಸೇವಂತಿಗೆಗೆ ಬುಡದ ಮರಿ. ಶೀತದೇಶದವರು ಜಪಾನು ಮೂಲದ ಹೋಸ್ತಾ ಎಂಬ ಎಲೆಗಿಡವನ್ನು ಬುಡಸಹಿತ ಸೀಳಿ ಹಂಚುತ್ತಾರೆ. ಅದಕ್ಕೆ ಚಳಿಗಾಲದ ನಿದ್ರೆ ಬೇಕು. ನಮ್ಮ ಕರಾವಳಿಯಲ್ಲಿ ಅದು ದೊರೆಯದು.

ಮಲ್ಲಿಗೆಯ ಕ್ರಮ ಸರಳ. ತೀರ ಎಳೆಯದೂ ಅಲ್ಲದ, ತೀರ ಬಲಿತದ್ದೂ ಅಲ್ಲದ ಗೆಲ್ಲನ್ನು ಗೇಣಿಗಿಂತ ತುಸು ಕಡಿಮೆ ಉದ್ದಕ್ಕೆ, ಗೆಣ್ಣಿನ ಕೆಳಗೆ ಕತ್ತರಿಸಬೇಕು. ಕೆಳಗಿನ ಎಲೆಗಳನ್ನು ತೆಗೆದು, ಎರಡು ಗೆಣ್ಣು ಮುಚ್ಚುವಂತೆ ಹೊಯ್ಗೆ ಬೆರೆತ ಮಣ್ಣಿನಲ್ಲಿ ಊರಿ ನೆರಳಿನಲ್ಲಿಡಬೇಕು. ಬೇರು ಹುಟ್ಟುವುದು ಗೆಣ್ಣಿನ ಬಳಿಯಲ್ಲಿ. ಎಲೆ ಹೆಚ್ಚಿದ್ದರೆ, ಬೇರು ಬರುವ ಮೊದಲೇ ನೀರು ಆವಿಯಾಗಿ ಗೆಲ್ಲು ಒಣಗುತ್ತದೆ. ಒಂದು ಒಂದೂವರೆ ತಿಂಗಳು ಎಳೆದು ನೋಡಬಾರದು. ಇಷ್ಟೂ ಧೈರ್ಯವಿಲ್ಲದವರು ತಾಯಿಗಿಡದ ಗೆಲ್ಲನ್ನೇ ನೆಲಕ್ಕೆ ಬಾಗಿಸಿ, ತುದಿಯನ್ನು ಹೊರಗೆ ಬಿಟ್ಟು, ನಡುವೆ ಮಣ್ಣು ಮುಚ್ಚಿ ಕಲ್ಲು ಹೇರಲಿ. ಬೇರು ಬಂದ ಮೇಲೆ ಕತ್ತರಿಸಿದರಾಯಿತು.

ನಾನು ಇದನ್ನು ಕಲಿತದ್ದು ಸೋತು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯಲ್ಲಿ, ಬೆಳ್ತಂಗಡಿಯಿಂದ ತಂದ ಆರು ಗೆಲ್ಲುಗಳನ್ನು ಆಟಿಯ ಮಳೆಗೆ ಬಯಲಿನಲ್ಲೇ ಊರಿದೆ. ಮಳೆಯೇ ಸಾಕುತ್ತದೆ ಎಂದುಕೊಂಡೆ. ಐದು ಕೊಳೆತವು. ಸೂರಿನ ಕೆಳಗೆ ಮರೆತುಹೋಗಿದ್ದ ಒಂದು ಚಿಗುರಿತು. ಕಳೆದ ವರ್ಷ ಬೆಳ್ತಂಗಡಿಯ ಮನೆ ಮಾರಾಟವಾಗಿ, ಅಂಗಳಕ್ಕೆ ಕಾಂಕ್ರೀಟು ಬಿತ್ತು. ಬಂಟ್ವಾಳದ ಮನೆ ಎಂದೋ ಹೋಗಿತ್ತು. ಉಳಿದದ್ದು ನನ್ನ ಅಂಗಳದ್ದೊಂದೇ.

ನಮ್ಮೂರಿನ ಬಸದಿಯಲ್ಲಿ ಧವಳ, ಜಯಧವಳಗಳ ತಾಳೆಗರಿಗಳು ಶತಮಾನಗಳ ಕಾಲ ಭದ್ರವಾಗಿದ್ದವು. ಪ್ರಾಕೃತ ಗ್ರಂಥ, ಹಳಗನ್ನಡ ಲಿಪಿ. ಪ್ರತಿಗಳಾಗಿ ಹೊರಗೆ ಹೋದ ಮೇಲೆ, 1939ರಿಂದ ಧವಳ ಅಚ್ಚಾಗತೊಡಗಿ ಎಲ್ಲರಿಗೂ ಸೇರಿತು. ಕಾಪಾಡುವುದು ದೊಡ್ಡದು, ನಿಜ. ಆದರೆ ಒಂದೆಡೆ ಮಾತ್ರ ಇರುವ ವಸ್ತುವಿಗೆ ಒಂದೇ ಅಪಾಯ ಸಾಕು.

ಈ ಮಳೆಗಾಲದಲ್ಲಿ ಮೂರು ಮನೆಗಳಿಗೆ ಗೆಲ್ಲು ಕೊಟ್ಟಿದ್ದೇನೆ. ಒಂದು ಬಂಟ್ವಾಳಕ್ಕೆ ಹೋಗಿದೆ, ನದಿಯಿಂದ ದೂರಕ್ಕೆ.