ಬ್ರೇಕಿಗೆ ಗಾಳಿ ಹಿಡಿದಿತ್ತು!

ಆಗುಂಬೆ ಘಾಟಿ ಇಳಿಯುವಾಗ ಎಂಥವರಿಗೂ ದೇವರು ನೆನಪಾಗುತ್ತಾನೆ. ನನಗೆ ಮಾತ್ರ ಅವತ್ತು ಪ್ರಥಮ ಪಿಯುಸಿಯ ಪಾಸ್ಕಲ್ ನಿಯಮ ನೆನಪಾಯಿತು.

ಉಡುಪಿಯಲ್ಲಿ ಸಂದರ್ಶನವಿತ್ತು. ಬೆಳಿಗ್ಗೆ ಹತ್ತಕ್ಕೆ ಅಲ್ಲಿರಬೇಕು. ಅಪ್ಪಯ್ಯನ ಹಳೆಯ 150 ಸಿಸಿ ಬೈಕು, ಹಿಂದೆ ಗೆಳೆಯ, ಅವನ ಬೆನ್ನಿಗೆ ನಮ್ಮಿಬ್ಬರ ಸರ್ಟಿಫಿಕೇಟುಗಳ ಬ್ಯಾಗು. ಘಾಟಿಯುದ್ದಕ್ಕೂ ಮುಂದಿನ ಡಿಸ್ಕ್ ಬ್ರೇಕನ್ನು ಹಿಡಿದುಕೊಂಡೇ ಇಳಿಯುತ್ತಿದ್ದೆ. ಅರ್ಧ ದಾರಿಯಲ್ಲಿ ಒಂದು ತಿರುವಿಗೆ ಬಂದಾಗ ಲಿವರ್ ಒತ್ತಿದರೆ ಅದು ಬೆಣ್ಣೆಯ ಹಾಗೆ ಹ್ಯಾಂಡಲ್‌ವರೆಗೂ ಬಂತು. ಬೈಕು ಮಾತ್ರ ನಿಲ್ಲಲಿಲ್ಲ. ಹಿಂದಿನ ಡ್ರಮ್ ಬ್ರೇಕ್ ತುಳಿದು, ಗೇರು ಇಳಿಸಿ, ಹೇಗೋ ತಡೆಗೋಡೆಯ ಪಕ್ಕ ನಿಲ್ಲಿಸಿದೆ. ಗೆಳೆಯ ಇಳಿದವನೇ ಐದು ನಿಮಿಷ ಮಾತಾಡಲಿಲ್ಲ.

ಅರ್ಧ ಗಂಟೆ ಕಳೆದು ಡಿಸ್ಕ್ ತಣ್ಣಗಾದ ಮೇಲೆ ಬ್ರೇಕ್ ಸ್ವಲ್ಪ ಹಿಡಿಯತೊಡಗಿತು. ಗೆಳೆಯ ನಡೆದುಕೊಂಡೇ ಬಂದ, ನಾನು ಮೊದಲ ಗೇರಿನಲ್ಲಿ ಸೋಮೇಶ್ವರಕ್ಕೆ ಇಳಿದೆ. ಅಲ್ಲಿನ ಮೆಕ್ಯಾನಿಕ್ ಮುಚ್ಚಳ ತೆರೆದು ನೋಡಿದರು. ಒಳಗಿದ್ದ ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ‘ಇದನ್ನು ಬದಲಾಯಿಸಿ ಎಷ್ಟು ವರ್ಷ ಆಯ್ತು?’ ಅಂದರು. ಬದಲಾಯಿಸಬೇಕೆಂಬುದೇ ನಮಗೆ ಗೊತ್ತಿರಲಿಲ್ಲ. ಸಂದರ್ಶನಕ್ಕೆ ತಲುಪುವಾಗ ಹನ್ನೆರಡು ಗಂಟೆ. ಗೇಟಿನಿಂದಲೇ ವಾಪಸ್.

ಮನೆಯಲ್ಲಿ ಅಪ್ಪಯ್ಯ ಹೇಳಿದ್ದು ಒಂದೇ ಮಾತು: ‘ಮೆಕ್ಯಾನಿಕಲ್ ಎಂಜಿನಿಯರ್ ಮಾರಾಯ, ಒಂದು ಬ್ರೇಕ್ ನೋಡ್ಕಳಕ್ಕೆ ಬರಲ್ವಾ?’

ಬಿಇ ಮುಗಿಸಿ ಒಂದು ವರ್ಷ ಮನೆಯಲ್ಲಿದ್ದವನಿಗೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಅದಕ್ಕೂ ಮೊದಲೇ ನಮ್ಮಿಬ್ಬರ ನಡುವೆ ‘ಊಟ ಆಯ್ತಾ’ ಬಿಟ್ಟರೆ ಹೆಚ್ಚು ಮಾತಿರಲಿಲ್ಲ.

ಆ ವಾರವೆಲ್ಲ ಓದಿದೆ. ನಾವು ಆಯಿಲ್ ಅನ್ನುತ್ತೇವೆ, ಆದರೆ ಡಾಟ್ 3, ಡಾಟ್ 4 ಬ್ರೇಕ್ ದ್ರವಗಳು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯವು. ಗಾಳಿಯ ತೇವಾಂಶವನ್ನು ನಿಧಾನವಾಗಿ ಹೀರಿಕೊಳ್ಳುತ್ತವೆ. ನಮ್ಮ ಮಲೆನಾಡಿನಲ್ಲಂತೂ ತೇವಕ್ಕೆ ಬರವಿಲ್ಲ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದರಲ್ಲಿ ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿಯಲ್ಲಿ ಬಿಡದೇ ಬ್ರೇಕ್ ಹಿಡಿದರೆ ಆ ಶಾಖದಲ್ಲಿ ಹಳೆಯ ದ್ರವ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಒತ್ತಡ ಹಾಗೇ ಪ್ಯಾಡಿಗೆ ಹೋಗುತ್ತದೆ, ಅದೇ ಪಾಸ್ಕಲ್ ನಿಯಮ. ಆದರೆ ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತದೆ ಅಷ್ಟೇ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದ ನಿಯಮ ಘಾಟಿಯಲ್ಲಿ ಅರ್ಥವಾಯಿತು.

ಪರಿಹಾರ: ಹಳೆಯ ದ್ರವ ತೆಗೆದು, ಹೊಸದು ತುಂಬಿ, ಪೈಪಿನೊಳಗಿನ ಗಾಳಿಯನ್ನೆಲ್ಲ ಹೊರಹಾಕುವುದು. ಗ್ಯಾರೇಜುಗಳಲ್ಲಿ ‘ಏರ್ ತೆಗೆಯೋದು’ ಅನ್ನುತ್ತಾರೆ. ಮುಚ್ಚಳದ ಮೇಲೆ ಬರೆದಿದ್ದ ದರ್ಜೆಯದೇ ಸೀಲ್ ಒಡೆಯದ ಹೊಸ ಬಾಟಲಿ, 8 ಎಂಎಂ ರಿಂಗ್ ಸ್ಪ್ಯಾನರ್, ಅಕ್ವೇರಿಯಂ ಪೈಪಿನ ತುಂಡು, ಒಂದು ಸಿರಿಂಜು, ಒಂದು ಖಾಲಿ ನೀರಿನ ಬಾಟಲಿ ಹೊಂದಿಸಿಕೊಂಡೆ. ಭಾನುವಾರ ಅಂಗಳದಲ್ಲಿ ಕೆಲಸ ಶುರು.

ಸೆಂಟರ್ ಸ್ಟ್ಯಾಂಡ್ ಹಾಕಿ, ಹ್ಯಾಂಡಲ್ ತಿರುಗಿಸಿ ದ್ರವದ ಡಬ್ಬಿ ಸಮತಟ್ಟಾಗುವಂತೆ ಮಾಡಿದೆ. ಸಿರಿಂಜಿನಿಂದ ಹಳೆಯದನ್ನು ಎಳೆದು ಹೊಸದು ಸುರಿದೆ. ಕೆಳಗೆ ಕ್ಯಾಲಿಪರ್‌ನ ನಿಪ್ಪಲ್‌ಗೆ ಸ್ಪ್ಯಾನರ್ ಕೂರಿಸಿ, ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಯಲ್ಲಿ ಹಾಕಿದ್ದ ಸ್ವಲ್ಪ ಹೊಸ ದ್ರವದೊಳಗೆ ಮುಳುಗಿಸಿದೆ. ಲಿವರ್ ಮೂರ್ನಾಲ್ಕು ಸಲ ನಿಧಾನಕ್ಕೆ ಒತ್ತಿ ಹಿಡಿಯಬೇಕು. ನಿಪ್ಪಲ್ ಕಾಲು ಸುತ್ತು ಸಡಿಲಿಸಬೇಕು. ಗುಳ್ಳೆ ಹೊರಬಂದ ಮೇಲೆ ನಿಪ್ಪಲ್ ಬಿಗಿ ಮಾಡಿ, ಆಮೇಲೆಯೇ ಲಿವರ್ ಬಿಡಬೇಕು. ಮೊದಲೇ ಬಿಟ್ಟರೆ ಹೊರಗಿನ ಗಾಳಿ ಮತ್ತೆ ಒಳಗೆ.

ಒಬ್ಬನೇ ಮೇಲೂ ಕೆಳಗೂ ಕೈ ಹಾಕಿಕೊಂಡು ಒದ್ದಾಡಿದೆ. ಪೈಪಿನಲ್ಲಿ ಏಳುವ ಗುಳ್ಳೆ ನೋಡುತ್ತಾ ಮೈಮರೆತು ಮೇಲಿನ ಡಬ್ಬಿ ಖಾಲಿಯಾದದ್ದೇ ಗೊತ್ತಾಗಲಿಲ್ಲ. ಮೇಲಿನಿಂದಲೇ ಗಾಳಿ ಎಳೆದುಕೊಂಡು, ಬ್ರೇಕ್ ಘಾಟಿಯಲ್ಲಿ ಇದ್ದದ್ದಕ್ಕಿಂತ ಹಾಳಾಯಿತು. ಗಾಬರಿಯಲ್ಲಿ ಸುರಿಯಲು ಹೋಗಿ ಟ್ಯಾಂಕಿನ ಮೇಲೂ ಚೆಲ್ಲಿದೆ. ಈ ದ್ರವ ಬಣ್ಣವನ್ನು ತಿನ್ನುತ್ತದೆ. ನೀರಿನಲ್ಲಿ ಕರಗುವುದರಿಂದ ತಕ್ಷಣ ನೀರು ಹೊಯ್ದರೆ ಉಳಿಯುತ್ತಿತ್ತು, ನಾನು ಬಟ್ಟೆಯಲ್ಲಿ ಉಜ್ಜಿದೆ. ಅಪ್ಪಯ್ಯ ದಿನಾ ಒರೆಸುವ ಟ್ಯಾಂಕಿನ ಮೇಲೆ ಎರಡು ರೂಪಾಯಿ ಅಗಲದ ಕಲೆ ಬಿತ್ತು.

ಅಷ್ಟರಲ್ಲಿ ತೋಟದಿಂದ ಬಂದ ಅಪ್ಪಯ್ಯ ಕಲೆ ನೋಡಿದರು, ನನ್ನನ್ನು ನೋಡಿದರು. ‘ಎಂತ ಆಯ್ತು?’ ಅಂದರು. ವಿವರಿಸಲು ಶುರು ಮಾಡಿ ಎರಡು ವಾಕ್ಯ ಮುಗಿದಿರಲಿಲ್ಲ. ‘ಓ, ಪಂಪ್‌ಸೆಟ್‌ಗೆ ಗಾಳಿ ಹಿಡಿದ ಹಾಗೆ’ ಅಂದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪಯ್ಯ, ಪೈಪಿನಲ್ಲಿ ಗಾಳಿ ಸೇರಿದರೆ ಪಂಪು ಎಷ್ಟು ತಿರುಗಿದರೂ ನೀರು ಏರುವುದಿಲ್ಲ ಎಂಬುದನ್ನು ಅಡಿಕೆ ತೋಟದಲ್ಲಿ ನೂರು ಸಲ ಕಂಡವರು.

ಕೈ ತೊಳೆದು ಬಂದು ಲಿವರ್ ಹಿಡಿದರು. ‘ಒತ್ತಿ.’ ‘ಒತ್ತಿದೆ.’ ‘ಹಿಡ್ಕಳಿ.’ ‘ಹಿಡ್ದೆ.’ ನಾನು ನಿಪ್ಪಲ್ ಸಡಿಲಿಸಿ ಬಿಗಿ ಮಾಡಿ ‘ಬಿಡಿ’ ಅಂದಾಗಲೇ ಅವರು ಬಿಡುತ್ತಿದ್ದರು. ನಾಲ್ಕು ಸಲಕ್ಕೊಮ್ಮೆ ‘ಡಬ್ಬಿ ನೋಡು, ಕಮ್ಮಿ ಆಯ್ತು’ ಎಂದು ಅವರೇ ಎಚ್ಚರಿಸಿದರು. ಒಂದೂವರೆ ಗಂಟೆ ನಾವು ಆಡಿದ್ದು ಇಷ್ಟೇ ಮಾತು. ಆದರೆ ಆ ಇಡೀ ವರ್ಷದಲ್ಲಿ ಅಷ್ಟು ಮಾತಾಡಿರಲಿಲ್ಲ.

ಡಿಕಾಕ್ಷನ್ ಬಣ್ಣ ಹೋಗಿ ತಿಳಿ ದ್ರವ ಬಂತು, ಗುಳ್ಳೆ ನಿಂತಿತು. ಆದರೂ ಲಿವರ್ ಸ್ವಲ್ಪ ಮೆತ್ತಗೇ ಇತ್ತು. ಗುಳ್ಳೆಯ ಸ್ವಭಾವ ಮೇಲೇರುವುದು, ನಾವು ಕೆಳಗೆ ತಳ್ಳುತ್ತಿದ್ದೆವು. ಅಪ್ಪಯ್ಯ ಮುಚ್ಚಳ ಹಾಕಿಸಿ, ಹಳೆಯ ಟ್ಯೂಬಿನ ರಬ್ಬರಿನಿಂದ ಲಿವರನ್ನು ಹ್ಯಾಂಡಲ್‌ಗೆ ಬಿಗಿದು ಕಟ್ಟಿದರು. ‘ರಾತ್ರಿ ಹಾಗೇ ಇರಲಿ, ಮೇಲಕ್ಕೆ ಬರ್ತದೆ.’ ಬೆಳಿಗ್ಗೆ ಇನ್ನೆರಡು ಸುತ್ತು ಏರ್ ತೆಗೆದಾಗ ಲಿವರ್ ಕಲ್ಲಿನಂತೆ ಗಟ್ಟಿ. ಮೊದಲು ಅಂಗಳದಲ್ಲಿ ತಳ್ಳಿ ನೋಡಿದೆವು, ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ ನೋಡಿದೆವು.

ನೀವೂ ಪ್ರಯತ್ನಿಸುವುದಾದರೆ ಕೆಲವು ಮಾತು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿ, ನಿಮ್ಮ ಗಾಡಿಯ ಕೈಪಿಡಿ ಏನು ಹೇಳುತ್ತದೋ ಅದೇ ಅಂತಿಮ. ಡಿಸ್ಕ್, ಪ್ಯಾಡಿನ ಮೇಲೆ ಒಂದು ಹನಿಯೂ ಬೀಳಬಾರದು. ಕಣ್ಣಿಗೆ ಕನ್ನಡಕ ಇರಲಿ. ಹಳೆಯದನ್ನು ಬಾವಿ, ಚರಂಡಿ ಕಡೆ ಚೆಲ್ಲದೆ ಗ್ಯಾರೇಜಿಗೆ ಕೊಡಿ. ಎಬಿಎಸ್ ಇರುವ ಕೆಲವು ಗಾಡಿಗಳಿಗೆ ಸರ್ವಿಸ್ ಸೆಂಟರ್‌ನ ಉಪಕರಣವೇ ಬೇಕಾಗಬಹುದು. ಏನೇ ಮಾಡಿದರೂ ಲಿವರ್ ಮೆತ್ತಗಿದ್ದರೆ ಹಟ ಬೇಡ. ಗಾಡಿ ಓಡಿಸಬೇಡಿ, ಮೆಕ್ಯಾನಿಕ್‌ರನ್ನೇ ಕರೆಯಿರಿ. ಘಾಟಿಯಲ್ಲಿ ಗೇರಿನ ಸಹಾಯದಿಂದ ಇಳಿಯಿರಿ, ಬ್ರೇಕನ್ನು ಹಿಡಿದೇ ಇರಬೇಡಿ.

ಕೆಲಸ ಇನ್ನೂ ಸಿಕ್ಕಿಲ್ಲ. ಮುಂದಿನ ತಿಂಗಳು ಮತ್ತೊಂದು ಸಂದರ್ಶನವಿದೆ, ಅದೇ ಘಾಟಿ ಇಳಿದೇ ಹೋಗಬೇಕು. ಟ್ಯಾಂಕಿನ ಕಲೆಯೂ ಹಾಗೇ ಇದೆ, ಅಪ್ಪಯ್ಯ ಈಗಲೂ ದಿನಾ ಒರೆಸುತ್ತಾರೆ. ಮೊನ್ನೆ ಪಕ್ಕದ ಮನೆಯವರು ಬ್ರೇಕ್ ಸರಿ ಇಲ್ಲ ಎಂದಾಗ ಅವರು ನನ್ನ ಕಡೆ ನೋಡದೆಯೇ ಹೇಳಿದರು: ‘ಭಾನುವಾರ ಗಾಡಿ ತಗಂಡು ಬಾ. ನಮ್ಮ ಹುಡುಗ ನೋಡ್ತಾನೆ.’